ಕೊಬ್ಬರಿ ಅಟ್ಟದ ಸಿಗ್ನಲ್ಲು

ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ, ಒಂದು ಹಿಟ್ಟಿನ ಗಿರಣಿಗೂ ಒಂದು ಸೈಕಲ್ ಅಂಗಡಿಗೂ ನಡುವೆ ಉಳಿದ ಕಿರುಜಾಗದಲ್ಲಿ 'ಭಾಗ್ಯ ಎಲೆಕ್ಟ್ರಾನಿಕ್ಸ್' ಎಂಬ ರಿಪೇರಿ ಅಂಗಡಿ ಇತ್ತು. ಹೊಸಬರು ಅದು ಅಂಗಡಿಯವನ ಹೆಂಡತಿಯದೋ ಮಗಳದೋ ಹೆಸರಿರಬೇಕು ಎಂದುಕೊಂಡು ಒಳಗೆ ಬರುತ್ತಿದ್ದರು. ಮೇಜಿನ ಹಿಂದೆ ಬೆಸುಗೆ ಕಡ್ಡಿ ಹಿಡಿದು ಕೂತಿದ್ದ ಹೆಂಗಸನ್ನು ನೋಡಿ, ಯಜಮಾನರು ಇಲ್ಲವಾ ಎಂದು ಕೇಳುತ್ತಿದ್ದರು. ಭಾಗ್ಯ ತಲೆಯೆತ್ತದೆಯೇ, ಯಜಮಾನರು ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುತ್ತಿದ್ದಾರೆ, ಟಿಕೆಟ್ ಬೇಕಿದ್ದರೆ ಅಲ್ಲಿಗೆ ಹೋಗಿ, ರೇಡಿಯೋ ಆದರೆ ಇಲ್ಲಿಡಿ ಎನ್ನುತ್ತಿದ್ದಳು. ಅವಳ ಗಂಡ ಭೀಮರಾಜ್ ನಿಜವಾಗಿಯೂ ರೈಲ್ವೆಯ ಟಿಕೆಟ್ ಗುಮಾಸ್ತ. ಈ ಮಾತು ಅವನ ಕಿವಿಗೂ ಬಿದ್ದು, ಕೌಂಟರಿನಲ್ಲಿ ಕೂತು ನಗುತ್ತಿದ್ದ.

2009ರ ಜೂನ್ ಮೊದಲ ವಾರ. ಮಳೆ ಇನ್ನೂ ಹನಿಯುವುದೋ ಬೇಡವೋ ಎಂದು ಯೋಚಿಸುತ್ತಿದ್ದ ಒಂದು ಬೆಳಗ್ಗೆ ಅಂಗಡಿಯ ಮುಂದೆ ಆಟೋ ನಿಂತಿತು. ಇಳಿದವರು ಪೇಟೆ ಬೀದಿಯ ಕೊಬ್ಬರಿ ವ್ಯಾಪಾರಿ ಗಂಗಾಧರಯ್ಯನವರ ಹೆಂಡತಿ ಶಾಂತಾದೇವಿ. ಅರವತ್ತಕ್ಕೆ ಹತ್ತಿರದ ವಯಸ್ಸು, ಹಣೆಯ ತುಂಬ ವಿಭೂತಿ, ಮಂಡಿನೋವು. ಅಂಗಡಿಯ ಎರಡೇ ಮೆಟ್ಟಿಲನ್ನು ಅವರು ಗೋಡೆ ಹಿಡಿದುಕೊಂಡು ಹತ್ತಿದರು. ಕೈಯಲ್ಲಿದ್ದ ಪ್ಲಾಸ್ಟಿಕ್ ಕವರಿನಿಂದ ನೀಲಿ ಕೇಬಲ್ಲಿನ ತುಂಡುಗಳನ್ನು, ಬೀನ್ಸ್ ಸುರಿದ ಹಾಗೆ, ಮೇಜಿನ ಮೇಲೆ ಸುರಿದರು. ಒಂದೊಂದರ ತುದಿಯಲ್ಲೂ ಹಲ್ಲಿನ ಗುರುತಿತ್ತು.

"ಇಲಿ," ಎಂದರು ಶಾಂತಾದೇವಿ. "ಇದು ಮೂರನೇ ಸಲ. ತಂತಿ ಇಲ್ದೆ ಆಗೋ ದಾರಿ ಏನಾದ್ರೂ ಇದೆಯೇನಮ್ಮ?"

ಭಾಗ್ಯ ಕುರ್ಚಿ ಕೊಟ್ಟು ಕೂರಿಸಿ, ಎಲ್ಲವನ್ನೂ ಮೊದಲಿನಿಂದ ಹೇಳಿಸಿದಳು.

ಅವರ ಮನೆಯ ಹಿಂದುಗಡೆ, ಅಡಿಗೆಮನೆಯ ಮೇಲೆ ಕೊಬ್ಬರಿ ಅಟ್ಟ ಇದೆ. ಸಿಪ್ಪೆ ಸಮೇತ ತೆಂಗಿನಕಾಯಿಯನ್ನು ಅಟ್ಟಕ್ಕೆ ಏರಿಸಿದರೆ ಹತ್ತು ಹನ್ನೊಂದು ತಿಂಗಳು ಅದನ್ನು ಮುಟ್ಟುವಂತಿಲ್ಲ. ಒಳಗಿನ ನೀರು ತಾನಾಗಿಯೇ ಬತ್ತಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಲೊಡಲೊಡ ಎನ್ನಬೇಕು. ಆಗ ಸುಲಿದು ಒಡೆದರೆ ಉಂಡೆ ಕೊಬ್ಬರಿ ಸಿಗುತ್ತದೆ. ಈ ನಡುವೆ ಅಟ್ಟದಲ್ಲಿ ತೇವ ಹೆಚ್ಚಾದರೆ ಕಾಯಿ ಒಳಗೊಳಗೇ ಕೊಳೆಯುತ್ತದೆ, ಕಾವು ಹೆಚ್ಚಾದರೆ ಸೀಳುತ್ತದೆ. ಮದುವೆಯಾಗಿ ಬಂದಾಗಿನಿಂದ ಶಾಂತಾದೇವಿಯೇ ದಿನಕ್ಕೊಮ್ಮೆ ಏಣಿ ಹತ್ತಿ, ಮೂಸಿ, ಮುಟ್ಟಿ, ಅಲ್ಲಾಡಿಸಿ ನೋಡಿ ಬರುತ್ತಿದ್ದರು. ಎರಡು ವರ್ಷದಿಂದ ಮಂಡಿ ಅದಕ್ಕೆ ಒಪ್ಪುತ್ತಿಲ್ಲ.

ಹೋದ ವರ್ಷ ತುಮಕೂರಿನ ಕೃಷಿ ಪ್ರದರ್ಶನದಲ್ಲಿ ಗಂಗಾಧರಯ್ಯನವರು ಒಂದು ಪೆಟ್ಟಿಗೆ ಕೊಂಡುತಂದರು. ಅದು ಅಟ್ಟದ ಕಾವನ್ನೂ ತೇವವನ್ನೂ ಅಳೆಯುತ್ತದೆ, ಬೇಕಾದಾಗ ಫ್ಯಾನನ್ನು ತಾನೇ ಹಾಕುತ್ತದೆ, ಎಲ್ಲ ಅಂಕಿಯನ್ನೂ ಕೆಳಗಿನ ಕಂಪ್ಯೂಟರಿಗೆ ಕಳಿಸುತ್ತದೆ. ಕಂಪ್ಯೂಟರು ಇರುವುದು ಬೀದಿ ಕಡೆಯ ಕೊಬ್ಬರಿ ವ್ಯಾಪಾರದ ಮಂಡಿಯಲ್ಲಿ. ಮಾರುಕಟ್ಟೆಯ ಧಾರಣೆ ನೋಡಲು ಬ್ರಾಡ್‌ಬ್ಯಾಂಡ್ ಹಾಕಿಸಿದ್ದರಿಂದ ಮೋಡೆಮ್ಮೂ ಅಲ್ಲೇ ಇದೆ. ಮಂಡಿಯಿಂದ ಅಟ್ಟಕ್ಕೆ ಮನೆ ನಡುವಿನ ತೊಟ್ಟಿಯನ್ನು ಬಳಸಿ ಹೋಗುವ ಉದ್ದನೆಯ ಕೇಬಲ್ ಎಳೆಸಿದರು. ಹದಿನೈದು ದಿನಕ್ಕೆ ಇಲಿ ಕಡಿಯಿತು. ಇನ್ನೊಂದು ಎಳೆಸಿದರು, ಅದನ್ನೂ ಕಡಿಯಿತು. ಮೂರನೆಯದನ್ನು ಪೈಪಿನೊಳಗೆ ತೂರಿಸಿದರು. ಪೈಪಿನ ಸಂದಿಯಲ್ಲಿ ನುಗ್ಗಿದ ಇಲಿ ಒಳಗೇ ಮರಿ ಹಾಕಿತು. ಪೆಟ್ಟಿಗೆ ಮಾರಿದವರನ್ನು ಕೇಳಿದರೆ, ತಂತಿಯಿಲ್ಲದ ನಮೂನೆಯನ್ನು ನಾವು ಮಾಡುವುದಿಲ್ಲ ಎಂದರು. ಹಾಸನದಿಂದ ಬಂದ ಇಬ್ಬರು ಕಂಪ್ಯೂಟರಿನವರೂ ಹಾಗೆಯೇ ಹೇಳಿ ಹೋದರು.

ಭಾಗ್ಯ ಒಂದೇ ಪ್ರಶ್ನೆ ಕೇಳಿದಳು: ಮೋಡೆಮ್ಮಿಗೆ ಕೊಂಬು ಇದೆಯೇ? ಇದೆ, ಒಂದು ಕಡ್ಡಿ ನಿಂತುಕೊಂಡಿದೆ ಎಂದರು ಶಾಂತಾದೇವಿ. ಹಾಗಾದರೆ ಅದು ಗಾಳಿಯಲ್ಲೂ ಮಾತಾಡುತ್ತದೆ, ನಿಮ್ಮ ಪೆಟ್ಟಿಗೆಗೆ ಅದನ್ನು ಕೇಳುವ ಕಿವಿ ಇಲ್ಲ, ಅಷ್ಟೇ. ಕಿವಿ ಅಂಟಿಸಲು ಆಗುತ್ತದೋ ಇಲ್ಲವೋ ನನಗೂ ಗೊತ್ತಿಲ್ಲ, ಪೆಟ್ಟಿಗೆಯನ್ನು ನಾಲ್ಕು ದಿನ ನನ್ನ ಹತ್ತಿರ ಬಿಡಿ ಎಂದಳು. ಗೊತ್ತಿಲ್ಲ ಎಂದದ್ದಕ್ಕೇ ಶಾಂತಾದೇವಿಗೆ ನಂಬಿಕೆ ಬಂದಿರಬೇಕು. ಮಧ್ಯಾಹ್ನವೇ ಆಳಿನ ಕೈಯಲ್ಲಿ ಪೆಟ್ಟಿಗೆ ಬಂತು.

ಗೊತ್ತಿಲ್ಲದ್ದು ಕಣ್ಣೆದುರಿಗಿದ್ದರೆ ಭಾಗ್ಯಳಿಗೆ ಊಟ ಸೇರುತ್ತಿರಲಿಲ್ಲ. ಅದು ಹುಟ್ಟಿನಿಂದ ಬಂದದ್ದು. ಅವಳ ಊರು ಹಳೇಬೀಡಿನ ಹತ್ತಿರದ ಮಾದಿಹಳ್ಳಿ. ಅಪ್ಪ ಕರಿಯಯ್ಯ ಕಾಯಿ ಸುಲಿಯುವವನು. ಸುಗ್ಗಿಯಲ್ಲಿ ಊರವರ ಜೊತೆ ಗುಂಪು ಕಟ್ಟಿಕೊಂಡು ಅರಸೀಕೆರೆಗೆ ಹೋಗಿ, ವಾರಗಟ್ಟಲೆ ಅಲ್ಲೇ ಉಳಿದು, ಸಾಹುಕಾರರ ಹಿತ್ತಿಲುಗಳಲ್ಲಿ ಕಬ್ಬಿಣದ ಮೊಳೆಗೆ ಕಾಯಿ ಚುಚ್ಚಿ ಸುಲಿದು ಬರುತ್ತಿದ್ದ. ಭಾಗ್ಯ ನಾಲ್ಕನೇ ಕ್ಲಾಸಿನಲ್ಲಿದ್ದಾಗ ಶಾಲೆಗೆ ಒಂದು ರೇಡಿಯೋ ಬಂತು. ಮಕ್ಕಳೆಲ್ಲ ಹಾಡು ಕೇಳುತ್ತಿದ್ದರೆ ಇವಳು ರೇಡಿಯೋದ ಹಿಂದೆ ಹೋಗಿ ತಂತಿ ಹುಡುಕಿದಳು. ಹೊರಗಿನಿಂದ ಒಂದು ತಂತಿಯೂ ಬಂದಿರಲಿಲ್ಲ. ಮೇಷ್ಟರನ್ನು ಕೇಳಿದಾಗ, ಹಾಡು ಗಾಳಿಯಲ್ಲಿ ಬರುತ್ತೆ ಎಂದರು. ಗಾಳಿಯಲ್ಲಿ ಬಂದರೆ ನಮಗೆ ಸುಮ್ಮನೆ ಯಾಕೆ ಕೇಳಿಸುವುದಿಲ್ಲ ಎಂದು ಅವಳು ಮತ್ತೆ ಕೇಳಿದಳು. ಮೇಷ್ಟರು ಒಳ್ಳೆಯವರು. ನನಗೂ ಗೊತ್ತಿಲ್ಲ, ನೀನು ಓದಿ ನನಗೆ ಹೇಳು ಎಂದರು.

ಓದಿದಳು. ಮಾದಿಹಳ್ಳಿಯ ಅವರ ಕೇರಿಯಿಂದ ಹಾಸನದ ಪಾಲಿಟೆಕ್ನಿಕ್ಕಿಗೆ ಹೋದ ಮೊದಲ ಹುಡುಗಿ ಅವಳು. 1991ರಲ್ಲಿ ಡಿಪ್ಲೊಮಾ ಮುಗಿಸಿ ಬೇಲೂರಿನಲ್ಲಿ ಜಯದೇವಪ್ಪ ಎಂಬುವರ ರೇಡಿಯೋ-ಟಿವಿ ಅಂಗಡಿಗೆ ಸೇರಿದಳು. ದೇವಸ್ಥಾನದ ರಸ್ತೆಯಲ್ಲಿದ್ದ ಅಂಗಡಿ ಅದು. ಪ್ರವಾಸಿಗಳ ಕ್ಯಾಮೆರಾದ ಫ್ಲ್ಯಾಶು, ಗೈಡುಗಳ ಕೈಮೈಕು, ಅರೇಹಳ್ಳಿ ಕಡೆಯ ಕಾಫಿ ತೋಟಗಳಿಂದ ಬರುವ ವಾಕಿಟಾಕಿ, ಹೀಗೆ ಎಲ್ಲವೂ ಆ ಮೇಜಿನ ಮೇಲೆ ಬಂದು ಬೀಳುತ್ತಿದ್ದವು. ಮೊದಲ ವರ್ಷ ಗಿರಾಕಿಗಳಿಗೆ ಕಾಣದ ಹಾಗೆ ಅವಳನ್ನು ಒಳಗಡೆ ಕೂರಿಸಿದ್ದ ಜಯದೇವಪ್ಪ, ಎರಡನೇ ವರ್ಷ ತಾವೇ ಹೇಳಿ ಮುಂದಿನ ಮೇಜಿಗೆ ಕೂರಿಸಿದರು. ಅಲ್ಲಿ ಏಳು ವರ್ಷ ಕಳೆದಳು. ಮದುವೆಯಾಗಿ ಅರಸೀಕೆರೆಗೆ ಬಂದ ಮೇಲೆ ಈ ಅಂಗಡಿ ತೆರೆದಳು. ಅವ್ವ ತೀರಿಕೊಂಡ ಮೇಲೆ ಅಪ್ಪನನ್ನೂ ತನ್ನ ಮನೆಗೇ ಕರೆತಂದಳು.

ಪೆಟ್ಟಿಗೆಯನ್ನು ಮುಂದಿಟ್ಟುಕೊಂಡು ಕೂತಾಗ ಅವಳಿಗೆ ನೆನಪಾದದ್ದು ಕಾಫಿ ತೋಟದ ವಾಕಿಟಾಕಿ. ಅದರಲ್ಲಿ ಮಾತಾಡುವ ಕೊಂಬೂ ಒಂದೇ, ಕೇಳುವ ಕೊಂಬೂ ಒಂದೇ. ಗುಂಡಿ ಒತ್ತಿದರೆ ಹೇಳುತ್ತದೆ, ಬಿಟ್ಟರೆ ಕೇಳುತ್ತದೆ. ಹಾಗಿದ್ದ ಮೇಲೆ ವೈಫೈ ರೂಟರೂ ಬರೀ ಹಂಚುವ ಯಂತ್ರ ಯಾಕಾಗಬೇಕು? ಇನ್ನೊಂದು ರೂಟರು ತಂದು, ಅದನ್ನು ಹಂಚುವುದು ಬಿಟ್ಟು ಮೊದಲನೆಯದರ ಮಾತು ಕೇಳುವ ಹಾಗೆ ಮಾಡಿದರೆ? ಕೇಳಿಸಿಕೊಂಡದ್ದನ್ನು ಅದು ತನ್ನ ಬೆನ್ನಿನಲ್ಲಿರುವ ತಂತಿಯ ತೂತಿನಿಂದ ಪೆಟ್ಟಿಗೆಗೆ ದಾಟಿಸಿದರೆ? ಆಗ ಗೇಣುದ್ದದ ತಂತಿ ಸಾಕು. ಪೆಟ್ಟಿಗೆಗೆ ತಾನು ತಂತಿಯಲ್ಲೇ ಇದ್ದೇನೆ ಅನ್ನಿಸುತ್ತದೆ, ಮೋಡೆಮ್ಮಿಗೆ ಎದುರಿಗೆ ಇನ್ನೊಂದು ವೈಫೈ ಯಂತ್ರ ಇದೆ ಅನ್ನಿಸುತ್ತದೆ.

ಮುಚ್ಚಿಹೋದ ಸೈಬರ್ ಸೆಂಟರ್ ಒಂದರಿಂದ ಬಂದ ಎರಡು ಹಳೆಯ ರೂಟರುಗಳು ಅವಳ ಕಪಾಟಿನಲ್ಲಿದ್ದವು. ಮೊದಲನೆಯದರ ಸೆಟ್ಟಿಂಗಿನ ಪುಟಗಳನ್ನೆಲ್ಲ ತಡಕಿದಳು, ಅಂಥ ವ್ಯವಸ್ಥೆಯೇ ಇರಲಿಲ್ಲ. ಎರಡನೆಯದರಲ್ಲಿ, ಯಾರೂ ತೆರೆಯದ ಒಂದು ಮೂಲೆಯ ಪುಟದಲ್ಲಿ, 'ಕ್ಲೈಂಟ್' ಎಂಬ ಸಣ್ಣ ಆಯ್ಕೆ ಸಿಕ್ಕಿತು. ಹಂಚುವವನ ಬದಲು ಗಿರಾಕಿಯಾಗುವುದು ಎಂದರ್ಥ. ಅವಳು ಎದ್ದು ಹೋಗಿ ಬಾಗಿಲಲ್ಲಿ ನಿಂತು ಒಂದು ಲೋಟ ನೀರು ಕುಡಿದು ಬಂದಳು. ಖುಷಿಯಾದಾಗ ಅವಳು ಮಾಡುತ್ತಿದ್ದುದು ಅಷ್ಟೇ.

ಅಂಗಡಿಯ ಮೋಡೆಮ್ಮಿಗೆ ಅದನ್ನು ಜೋಡಿಸಿದಳು. ವೈಫೈ ಹೆಸರು ಕೊಟ್ಟಳು, ಪಾಸ್‌ವರ್ಡ್ ಕೊಟ್ಟಳು. ದೀಪ ಹತ್ತಿತು, ಆದರೆ ಪೆಟ್ಟಿಗೆ ಮಾತಾಡಲಿಲ್ಲ. ಎರಡು ದಿನ ಅದೇ ಹಣೆಬರಹ. ಕಂಪ್ಯೂಟರಿನಲ್ಲಿ ಒಂದು ಸಲ ಮೋಡೆಮ್ಮಿನ ಪುಟ ತೆರೆಯುತ್ತಿತ್ತು, ಇನ್ನೊಂದು ಸಲ ಅದೇ ವಿಳಾಸಕ್ಕೆ ರೂಟರಿನ ಪುಟ ತೆರೆಯುತ್ತಿತ್ತು. ಮೂರನೇ ದಿನ ಭೀಮರಾಜ್ ಊಟದ ಡಬ್ಬಿ ಹಿಡಿದು ಬಂದವನು, ಹಿಂಗೇಕೆ ಮುಖ ಮಾಡಿಕೊಂಡಿದ್ದೀ ಎಂದು ಕೇಳಿದ. ಅವಳು ವಿವರಿಸುತ್ತ ಹೋದಳು. ಈ ಯಂತ್ರಗಳಿಗೆಲ್ಲ ಒಂದೊಂದು ನಂಬರು, ನಂಬರೇ ಅವುಗಳ ಹೆಸರು, ಕಾರ್ಖಾನೆಯಿಂದ ಬರುವಾಗಲೇ ಮೋಡೆಮ್ಮೂ ರೂಟರೂ ಒಂದೇ ನಂಬರು ಇಟ್ಟುಕೊಂಡು… ಹೇಳುತ್ತಿದ್ದವಳು ಅಲ್ಲಿಗೇ ನಿಂತಳು.

"ನಿಮ್ಮ ಆಫೀಸಲ್ಲಿ ಇಬ್ಬರು ಪುಟ್ಟರಾಜು ಇದ್ದಾರೆ ಅಂತಿದ್ರಲ್ಲ, ಫೋನ್ ಬಂದ್ರೆ ಏನ್ಮಾಡ್ತೀರಾ?"

"ಇಬ್ರೂ ಎದ್ದು ಬತ್ತಾರೆ," ಎಂದ ಭೀಮರಾಜ್. "ಇಲ್ಲಾ ಇಬ್ರೂ ಕೂತೇ ಇರ್ತಾರೆ."

ಅದೇ ಆಗಿತ್ತು. ಅವಳು ರೂಟರಿನ ನಂಬರನ್ನು ಬದಲಾಯಿಸಿದಳು. ಮನೆಯೊಳಗಿನ ಯಂತ್ರಗಳಿಗೆಲ್ಲ ನಂಬರು ಹಂಚುವ ಅಧಿಕಾರ ಎರಡಕ್ಕೂ ಇತ್ತು. ರೂಟರಿನ ಆ ಅಧಿಕಾರವನ್ನೂ ಕಿತ್ತು ಹಾಕಿ, ಮೋಡೆಮ್ಮೊಂದಕ್ಕೇ ಉಳಿಸಿದಳು. ಮತ್ತೆ ಎಲ್ಲವನ್ನೂ ಆರಿಸಿ ಹಾಕಿದಳು. ಪೆಟ್ಟಿಗೆಯ ಪುಟ ಕಂಪ್ಯೂಟರಿನಲ್ಲಿ ತೆರೆದುಕೊಂಡಿತು. ಕಾವು ಇಪ್ಪತ್ತೇಳು, ತೇವ ಅರವತ್ತೆಂಟು. ಪೆಟ್ಟಿಗೆಯ ಮೂತಿಗೆ ಬಾಯಿಯಿಂದ ಹಬೆಯೂದಿದಳು. ತೇವ ಎಪ್ಪತ್ತೊಂಬತ್ತಕ್ಕೆ ಏರಿತು. ಡಬ್ಬಿಯ ಅನ್ನ ಆರಿಹೋಗಿತ್ತು. ಇಬ್ಬರೂ ಹಂಚಿಕೊಂಡು ಉಂಡರು.

ಗುರುವಾರ ಬೆಳಗ್ಗೆ ಅವಳು ಪೆಟ್ಟಿಗೆ, ರೂಟರು, ತನ್ನ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಹಿಡಿದು ಪೇಟೆ ಬೀದಿಗೆ ಹೋದಳು. ಮಂಡಿಯಲ್ಲಿ ಗಂಗಾಧರಯ್ಯನವರು ಮರ್ಯಾದೆಯಿಂದಲೇ ಮಾತಾಡಿಸಿ ಬೆಂಚು ತೋರಿಸಿದರು. ಮೇಲೆ ಕಟ್ಟುವ ಕೆಲಸವನ್ನು ನಮ್ಮ ಕೆಂಚಯ್ಯ ಮಾಡುತ್ತಾನೆ, ಹೇಗೆ ಅಂತ ನೀವು ಹೇಳಿಕೊಟ್ಟರೆ ಸಾಕು ಎಂದರು. ಕೆಂಚಯ್ಯ ಆ ಮನೆಯಲ್ಲೇ ಹಣ್ಣಾದ ಆಳು. ಭಾಗ್ಯ ಅವನಿಗೆ ತೋರಿಸಿಕೊಟ್ಟಳು. ಅವನು ಮೇಲೆ ಹೋಗಿ, ಫ್ಯಾನಿನ ಕಂಬದ ಹಳೆಯ ಜಾಗದಲ್ಲಿ ಪೆಟ್ಟಿಗೆ ಬಿಗಿದು, ಪಕ್ಕದಲ್ಲಿ ರೂಟರು ಇಟ್ಟು ಬಂದ. ಕಂಪ್ಯೂಟರಿನಲ್ಲಿ ಏನೂ ಕಾಣಲಿಲ್ಲ. ಸ್ವಲ್ಪ ಎತ್ತರಿಸಿ ಇಡಲು ಹೇಳಿದಳು, ಎತ್ತರಿಸಿ ಬಂದ. ಒಂದು ಕ್ಷಣ ಅಂಕಿ ಕಂಡು ಮಾಯವಾದವು. ಮೂರನೇ ಸಲ ಇಳಿದು ಬಂದಾಗ ಅವನಿಗೆ ಏದುಸಿರು ಬಂದಿತ್ತು. ಪರೀಕ್ಷಿಸಿದಾಗ ಅಂಗಡಿಯಿಂದ ಎರಡು ಗೋಡೆ ದಾಟಿಯೂ ಕೆಲಸ ಮಾಡಿದ್ದು ಇಲ್ಲಿ ಯಾಕೆ ಮಾಡುತ್ತಿಲ್ಲ? ಗೋಡೆ ದಪ್ಪವೇ? ಮೇಲೆ ತಗಡು ಇದೆಯೇ? ಕೆಂಚಯ್ಯನನ್ನು ಕೇಳಿದರೆ, ಮೇಲೆ ಕಾಯಿ ಇದೆ ಎಂದ.

ತಾನೇ ಹೋಗಿ ನೋಡಬೇಕು ಎಂದಳು ಭಾಗ್ಯ.

ಗಂಗಾಧರಯ್ಯನವರು ಕನ್ನಡಕ ತೆಗೆದು ಒರೆಸಿದರು. ಏಣಿ ಇರುವುದು ಅಡಿಗೆಮನೆಯ ಒಳಗೆ, ದೇವರ ಮನೆ ದಾಟಿ ಹೋಗಬೇಕು ಎಂದು ಶುರುಮಾಡಿದ ಮಾತನ್ನು ಅರ್ಧಕ್ಕೇ ಬಿಟ್ಟರು. ಉಳಿದರ್ಧ ಏನೆಂದು ಭಾಗ್ಯಳಿಗೆ ಗೊತ್ತಿತ್ತು. ಮನೆಯಿಂದ ಹೊರಡುವಾಗಲೇ ಈ ಗಳಿಗೆ ಬಂದೀತು ಎಂದು ಅವಳಿಗೆ ಅನ್ನಿಸಿತ್ತು. ಬಂದಾಗ ಏನು ಮಾಡುವುದು ಎಂದು ಮಾತ್ರ ತೀರ್ಮಾನಿಸಿರಲಿಲ್ಲ. ಈಗ ಬೆಂಚಿನಿಂದ ಎದ್ದು ನಿಂತಳು.

"ನಾನು ನೋಡಿದ್ರೆ ಕೆಲಸ ಆಗುತ್ತೆ ಸಾರ್. ಬೇಡ ಅಂದ್ರೆ ರೂಟರು ಬಿಚ್ಚಿಸಿಕೊಂಡು ಹೋಗ್ತೀನಿ. ನಮ್ಮಪ್ಪ ಮಾದಿಹಳ್ಳಿ ಕರಿಯಯ್ಯ. ನಿಮ್ಮ ಹಿತ್ತಿಲಲ್ಲೇ ಹನ್ನೆರಡು ವರ್ಷ ಕಾಯಿ ಸುಲಿದಿದ್ದಾರೆ. ಆಮೇಲೆ ಗೊತ್ತಾಗೋದಕ್ಕಿಂತ ನಾನೇ ಹೇಳಿಬಿಡೋದು ವಾಸಿ."

ಒಳಬಾಗಿಲಿನಲ್ಲಿ ಶಾಂತಾದೇವಿ ಬಂದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ನಲವತ್ತು ವರ್ಷ ಆ ಅಟ್ಟ ಹತ್ತಿ ಇಳಿದೋಳು ನಾನು," ಎಂದರು ಅವರು. "ಯಾರು ಹತ್ತಬೇಕು ಅಂತ ನಾನು ಹೇಳ್ತೀನಿ. ಬಾಮ್ಮ."

ಗಂಗಾಧರಯ್ಯನವರು ಹೆಗಲ ಮೇಲೆ ಟವೆಲು ಹಾಕಿಕೊಂಡು, ಯಾರನ್ನೋ ನೋಡಬೇಕಿತ್ತು ಎಂದು ಬೀದಿಗೆ ಇಳಿದು ಹೋದರು. ಭಾಗ್ಯ ಚಪ್ಪಲಿ ಬಿಟ್ಟು, ತೊಟ್ಟಿ ದಾಟಿ, ಶಾಂತಾದೇವಿಯ ಹಿಂದೆ ಅಡಿಗೆಮನೆಗೆ ಹೋದಳು. ದೇವರ ಮನೆಯ ಬಾಗಿಲು ತೆರೆದೇ ಇತ್ತು. ಅವಳು ಆ ಕಡೆ ನೋಡದೆ ಏಣಿಯ ಕಡೆ ನೋಡಿದಳು.

ಅಟ್ಟದ ಬಾಯಿಂದ ತಲೆ ಹೊರಗೆ ಬಂದ ಮೇಲೆ ಬೇರೆಲ್ಲ ಮರೆತುಹೋಯಿತು. ಕಣ್ಣು ಹಾಯುವಷ್ಟು ದೂರ ತೆಂಗಿನಕಾಯಿ. ಬಿದಿರಿನ ಹಾಸಿನ ಮೇಲೆ ಸೊಂಟದೆತ್ತರ, ಎದೆಯೆತ್ತರ ರಾಶಿ ಬಿದ್ದಿದ್ದವು. ಕೆಳಗಿನ ಒಲೆಯ ಹೊಗೆ ವರ್ಷಾನುಗಟ್ಟಲೆ ಏರಿ ತೊಲೆಗಳೆಲ್ಲ ಹೊಳೆಯುವ ಕಪ್ಪಾಗಿದ್ದವು. ನಾರು, ಹೊಗೆ, ಎಣ್ಣೆ ಬೆರೆತ ಬೆಚ್ಚನೆಯ ವಾಸನೆ. ಎರಡು ಸಣ್ಣ ಕಿಟಕಿಯಿಂದ ಬೆಳಕು ಓರೆಯಾಗಿ ಬಿದ್ದಿತ್ತು. ಫ್ಯಾನಿನ ಕರೆಂಟು ತಂತಿ ಹಳೇ ಕಾಲದ ಕಬ್ಬಿಣದ ಕೊಳವೆಯೊಳಗೆ ಬಂದಿದ್ದರಿಂದ ಇಲಿಗಳ ಬಾಯಿಗೆ ಸಿಕ್ಕಿರಲಿಲ್ಲ. ತಗಡು ಎಲ್ಲೂ ಇರಲಿಲ್ಲ. ಮೇಲೆ ಹಂಚು, ಮಂಡಿಯ ಕಡೆಗೆ ಬರೀ ಮರದ ಜಾಲರಿ. ಸಿಗ್ನಲ್ಲಿಗೆ ಇದಕ್ಕಿಂತ ಒಳ್ಳೆಯ ದಾರಿ ಬೇಕೇ?

ಅವಳು ಲ್ಯಾಪ್‌ಟಾಪ್ ತೆರೆದು, ಮಂಡಿಯ ವೈಫೈ ಎಷ್ಟು ಬರುತ್ತಿದೆ ಎಂದು ನೋಡುತ್ತ ರಾಶಿಗಳ ನಡುವಿನ ಓಣಿಯಲ್ಲಿ ನಿಧಾನವಾಗಿ ನಡೆದಳು. ಜಾಲರಿಯ ಹತ್ತಿರ ನೂರಕ್ಕೆ ಎಪ್ಪತ್ತು. ಎಡಗಡೆಯ ರಾಶಿಯ ಹಿಂದೆ ಐವತ್ತೈದು. ಬಲಗಡೆಯ ರಾಶಿಯ ಹಿಂದೆ, ಪೆಟ್ಟಿಗೆ ಇದ್ದ ಕಂಬದ ಹತ್ತಿರ, ಹನ್ನೆರಡು. ಎರಡೂ ರಾಶಿಯ ಎತ್ತರ ಒಂದೇ, ಅಗಲ ಒಂದೇ. ಅವಳು ಹಿಂದಕ್ಕೆ ಹೋಗಿ ಮತ್ತೊಮ್ಮೆ ನಡೆದಳು. ಐವತ್ತೈದು, ಹನ್ನೆರಡು. ಮೂರನೇ ಸಲವೂ ಅಷ್ಟೇ.

ಅಟ್ಟದ ಬಾಯಿಗೆ ಬಗ್ಗಿ, ಅಮ್ಮಾ, ಈ ಎರಡು ರಾಶಿಗೂ ಏನು ವ್ಯತ್ಯಾಸ ಎಂದು ಕೇಳಿದಳು. ಏಣಿಯ ಬುಡದಲ್ಲಿ ಮಣೆ ಹಾಕಿಕೊಂಡು ಕೂತಿದ್ದ ಶಾಂತಾದೇವಿ ಒಂದು ಕಾಯಿ ಅಲ್ಲಾಡಿಸಿ ನೋಡಲು ಹೇಳಿದರು. ಎಡಗಡೆಯದು ಲೊಡಲೊಡ ಎಂದಿತು. ಬಲಗಡೆಯದು ಗುಳುಕ್ ಎಂದಿತು.

"ಎಡಗಡೆ ಹೋದ ವರ್ಷದ್ದು, ಒಣಗಿದೆ," ಎಂದರು ಶಾಂತಾದೇವಿ. "ಬಲಗಡೆ ಯುಗಾದಿ ಆದ್ಮೇಲೆ ಏರಿಸಿದ್ದು. ಇನ್ನೂ ನೀರು."

ಭಾಗ್ಯ ಕೈಯಲ್ಲಿ ಆ ಕಾಯಿಯನ್ನು ಹಿಡಿದುಕೊಂಡೇ ನಿಂತಳು. ವೈಫೈಗೆ ನೀರು ಆಗದು ಎಂದು ಎಲ್ಲೋ ಓದಿದ್ದಳು. ಆ ಅಲೆ ನೀರಿಗೆ ತಾಗಿದರೆ ಅಲ್ಲೇ ಇಂಗಿಹೋಗುತ್ತದೆ. ಆದರೆ ಮನೆಯೊಳಗೆ ಅಷ್ಟು ನೀರು ಎಲ್ಲಿರುತ್ತದೆ ಎಂದುಕೊಂಡು ಪುಟ ತಿರುಗಿಸಿದ್ದಳು. ಈಗ ಅವಳ ಎದುರಿಗೆ ಸಾವಿರಾರು ಕಾಯಿ, ಒಂದೊಂದರೊಳಗೂ ಒಂದೊಂದು ಲೋಟ ನೀರು, ಎದೆಯೆತ್ತರಕ್ಕೆ ಪೇರಿಸಿದ ಸಣ್ಣ ಕೆರೆಯೇ ಇತ್ತು. ಹಾಸನದವರಿಗೂ ಇದು ತಿಳಿದಿರಲಿಕ್ಕಿಲ್ಲ, ಪೆಟ್ಟಿಗೆ ಮಾಡಿದವರಿಗೂ ತಿಳಿದಿರಲಿಕ್ಕಿಲ್ಲ. ಅವಳಿಗೆ ಒಬ್ಬಳೇ ನಗು ಬಂತು. ಶಾಂತಾದೇವಿ ಕೆಳಗಿನಿಂದ ಏನಾಯಿತು ಎಂದರು. ಭಾಗ್ಯ ಅಟ್ಟದ ಬಾಯಲ್ಲಿ ಕಾಲಿಳಿಬಿಟ್ಟು ಕೂತು ಎಲ್ಲ ಬಿಡಿಸಿ ಹೇಳಿದಳು. ಅವರು ಗಮನವಿಟ್ಟು ಕೇಳಿ, ಹಾಗಾದರೆ ಬಾವಿಯ ಹಿಂದೆ ಇಟ್ಟರೂ ಬರುವುದಿಲ್ಲವೇ, ಮಳೆ ಜೋರಾದರೆ ಏನಾಗುತ್ತೆ, ಮನುಷ್ಯರ ಮೈಯಲ್ಲೂ ನೀರಿದೆಯಲ್ಲ ಎಂದು ಒಂದರ ಮೇಲೊಂದು ಕೇಳಿದರು. ಕೊನೆಯದಕ್ಕೆ ಭಾಗ್ಯ ತಾನೇ ಲ್ಯಾಪ್‌ಟಾಪಿಗೆ ಅಡ್ಡ ನಿಂತು ನೋಡಿದಳು. ನಾಲ್ಕು ಅಂಕಿ ಇಳಿಯಿತು.

ಪೆಟ್ಟಿಗೆಯನ್ನು ಕಂಬದಿಂದ ಸರಿಸುವಂತಿರಲಿಲ್ಲ, ಫ್ಯಾನಿನ ತಂತಿಗಳು ಬಂದು ಸೇರುತ್ತಿದ್ದುದು ಅಲ್ಲಿಗೇ. ರೂಟರನ್ನು ಮಾತ್ರ ಕಂಬದ ತಲೆಗೆ, ತೊಲೆಯ ಸಂದಿಗೆ ಏರಿಸಿದಳು. ರಾಶಿಯ ಮೇಲಂಚನ್ನು ಅಷ್ಟಿಷ್ಟು ತಪ್ಪಿಸಿಕೊಂಡು ಸಿಗ್ನಲ್ಲು ಮೂವತ್ತೆಂಟಕ್ಕೆ ಬಂತು. ಅಷ್ಟು ಸಾಕಿತ್ತು. ಅಲ್ಲಿಂದ ಪೆಟ್ಟಿಗೆಗೆ ಬರುವ ಮೊಳದುದ್ದದ ಕೇಬಲ್ಲಿಗೆ ಹಳೆಯ ಕಬ್ಬಿಣದ ಕೊಳವೆಯ ತುಂಡು ತೊಡಿಸಿದಳು. ಕೆಂಚಯ್ಯ ಮಂಡಿಯಿಂದ ಕೂಗಿ, ಅಂಕಿ ಬಂತು ಎಂದ.

ಇಳಿದಾಗ ಶಾಂತಾದೇವಿ ಅಡಿಗೆಮನೆಯಲ್ಲೇ ಮಣೆ ಹಾಕಿ, ಮಜ್ಜಿಗೆಯ ಲೋಟ ಇಟ್ಟಿದ್ದರು. ಅವರೇ ಕುಡಿಯುವ ಲೋಟವೋ ಬೇರೆಯದೋ ಎಂದು ಭಾಗ್ಯ ನೋಡಿದಳು. ಗೊತ್ತಾಗಲಿಲ್ಲ. ಬಾಯಾರಿತ್ತು, ಕುಡಿದಳು. ಆಮೇಲೆ ಇಬ್ಬರೂ ಮಂಡಿಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತರು. ಶಾಂತಾದೇವಿ ಅಂಕಿಯನ್ನು ಸುಮ್ಮನೆ ಒಪ್ಪುವವರಲ್ಲ. ಅಡಿಗೆಮನೆಯಲ್ಲಿ ನೀರು ಕುದಿಯಲಿಟ್ಟು, ಅಟ್ಟದ ಬಾಯಿ ತೆರೆಸಿ, ತೇವದ ಅಂಕಿ ಏರುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡಿದರು. ಏರಿತು. ಫ್ಯಾನು ತಾನಾಗಿ ತಿರುಗಿದ ಸದ್ದು ಮಂಡಿಯವರೆಗೆ ಕೇಳಿಸಿತು.

ಸಂಜೆ ಭಾಗ್ಯ ಅಪ್ಪನಿಗೆ ತಾನು ಎಲ್ಲಿಗೆ ಹೋಗಿದ್ದೆ ಎಂದು ಹೇಳಿದಳು. ಕರಿಯಯ್ಯ ಮುದ್ದೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಹನ್ನೆರಡು ವರ್ಷ ಆ ಅಟ್ಟದ ಕಿಟಕಿಯಿಂದ ಕಾಯಿ ಉದುರುವುದನ್ನು ಹಿತ್ತಿಲಲ್ಲಿ ನಿಂತು ನೋಡಿದ್ದವನು ಅವನು, ಒಳಗೆ ಹೇಗಿದೆ ಎಂದು ಕಂಡಿರಲಿಲ್ಲ. ಎಷ್ಟುದ್ದ ಇದೆ, ಹಾಸು ಮರದ್ದೋ ಬಿದಿರಿಂದೋ, ಮೇಲೆ ಒಬ್ಬ ನೆಟ್ಟಗೆ ನಿಲ್ಲಬಹುದೋ ಎಂದೆಲ್ಲ ಕೇಳಿದ. ಅವಳು ಹೇಳುತ್ತಾ ಹೋದಂತೆ ತಲೆಯಾಡಿಸಿದ. ತಾನು ಕಲ್ಲಿನ ಮಾಳಿಗೆ ಎಂದುಕೊಂಡಿದ್ದನಂತೆ.

"ಹಿತ್ಲಿಂದ ಹೋದ್ಯಾ, ಮುಂದ್ಗಡೆಯಿಂದ ಹೋದ್ಯಾ?" ಎಂದು ಕೊನೆಗೆ ಕೇಳಿದ.

"ಮುಂದ್ಗಡೆಯಿಂದ."

"ಹ್ಞೂಂ," ಎಂದ ಕರಿಯಯ್ಯ. ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು, "ನೀರಿದ್ರೆ ಅದು ದಾಟಾಕಿಲ್ಲ ಅಂದ್ಯಲ್ಲ, ಅದ್ಯಾಕೆ ಅಂತ ಇನ್ನೊಂದ್ಸಲ ಹೇಳು," ಎಂದ.

ಆ ಮಳೆಗಾಲ ಪೆಟ್ಟಿಗೆ ಸರಿಯಾಗಿ ನಡೆಯಿತು. ಕರೆಂಟು ಹೋಗಿ ಬಂದಾಗ ಎರಡು ಮೂರು ಸಲ ರೂಟರು ಮಂಕಾಗಿ ಕೂತಿತು, ಕೆಂಚಯ್ಯ ಆರಿಸಿ ಹಾಕುವುದನ್ನು ಕಲಿತ. ಗಂಗಾಧರಯ್ಯನವರು ಭಾಗ್ಯ ಬಂದಾಗೆಲ್ಲ ಮೊದಲಿನಂತೆಯೇ ಬೆಂಚು ತೋರಿಸುತ್ತಿದ್ದರು. ಅಟ್ಟದ ವಿಷಯವನ್ನು ಅವರು ಎತ್ತಲಿಲ್ಲ. ಅವಳು ಒಳಗೆ ಹೋಗುವುದನ್ನು ತಡೆಯಲೂ ಇಲ್ಲ.

ಭಾಗ್ಯ ತಿಂಗಳಿಗೊಮ್ಮೆ ನೋಡಿಬರಲು ಹೋಗುತ್ತಿದ್ದಳು. ಆಗಸ್ಟಿನಲ್ಲಿ ಅವಳ ಕಣ್ಣಿಗೆ ಒಂದು ಸಂಗತಿ ಬಿತ್ತು. ಜೂನಿನಲ್ಲಿ ಮೂವತ್ತೆಂಟು ಇದ್ದ ಸಿಗ್ನಲ್ಲು ನಲವತ್ತೊಂದಾಗಿತ್ತು. ಯಾರೂ ಏನನ್ನೂ ಮುಟ್ಟಿರಲಿಲ್ಲ. ಅಕ್ಟೋಬರಿನಲ್ಲಿ ನಲವತ್ತೇಳು. ಅವಳು ಒಂದು ನೋಟ್‌ಬುಕ್ ಇಟ್ಟುಕೊಂಡಳು. ವಾರಕ್ಕೊಮ್ಮೆ ಸೋಮವಾರ ಬೆಳಗ್ಗೆ ಶಾಂತಾದೇವಿ ಕಂಪ್ಯೂಟರಿನಲ್ಲಿ ರೂಟರಿನ ಪುಟ ತೆರೆದು ಆ ಅಂಕಿಯನ್ನು ನೋಡಿ ಫೋನಿನಲ್ಲಿ ಹೇಳುವುದು, ಇವಳು ಬರೆದುಕೊಳ್ಳುವುದು ಎಂದಾಯಿತು. ಜೊತೆಗೆ ಶಾಂತಾದೇವಿ ಕೆಂಚಯ್ಯನಿಂದ ಬಲಗಡೆಯ ರಾಶಿಯ ಹತ್ತು ಕಾಯಿ ಇಳಿಸಿಕೊಂಡು, ಅಲ್ಲಾಡಿಸಿ, ಎಷ್ಟರಲ್ಲಿ ನೀರು ಬತ್ತಿದೆ ಎಂದೂ ಹೇಳುತ್ತಿದ್ದರು. ಡಿಸೆಂಬರಿನಲ್ಲಿ ಸಿಗ್ನಲ್ಲು ಐವತ್ತೆರಡು, ಹತ್ತರಲ್ಲಿ ನಾಲ್ಕು ಕಾಯಿ ಲೊಡಲೊಡ. ಫೆಬ್ರವರಿಯಲ್ಲಿ ಅರವತ್ತು, ಹತ್ತರಲ್ಲಿ ಎಂಟು. ಕಾಯಿ ಒಳಗೊಳಗೆ ಒಣಗುತ್ತ ಹೋದಂತೆ ಸಿಗ್ನಲ್ಲಿಗೆ ದಾರಿ ತೆರೆಯುತ್ತಿತ್ತು. ಕಾಯಿ ಒಡೆಯದೆ, ಏಣಿ ಹತ್ತದೆ, ಮಂಡಿಯಲ್ಲಿ ಕೂತವರಿಗೆ ಅಟ್ಟದ ಕಾಯಿಯ ಸ್ಥಿತಿ ಕಾಣುತ್ತಿತ್ತು. ಪೆಟ್ಟಿಗೆ ಅಳೆಯಲೆಂದು ಬಂದದ್ದು ಬೇರೆ, ಪೆಟ್ಟಿಗೆಯ ಕಿವಿ ತಾನಾಗಿ ಅಳೆಯುತ್ತಿದ್ದುದು ಬೇರೆ.

ಗಂಗಾಧರಯ್ಯನವರಿಗೂ ಇದರಲ್ಲಿ ಆಸಕ್ತಿ ಹುಟ್ಟಿತು. ಒಂದು ದಿನ ಅವರಾಗಿಯೇ ಕೇಳಿದರು, ಇಂತಿಷ್ಟು ಅಂಕಿ ಬಂದರೆ ಕಾಯಿ ಸುಲಿಸಬಹುದು ಅಂತ ಲೆಕ್ಕ ಹಾಕಬಹುದೇ? ಭಾಗ್ಯ ಆಗುವುದಿಲ್ಲ ಎಂದಳು. ಒಂದೇ ವರ್ಷದ ಅಂಕಿ ನಂಬಲು ಬರುವುದಿಲ್ಲ. ಮಳೆಗಾಲದಲ್ಲಿ ಗಾಳಿಯ ತೇವವೇ ಸಿಗ್ನಲ್ಲನ್ನು ತಡೆದಿದ್ದು, ಬೇಸಿಗೆಗೆ ತಾನೇ ಏರಿದ್ದೂ ಆಗಿರಬಹುದು. ಕಾಯಿಯದೋ ಗಾಳಿಯದೋ ಎಂದು ಬೇರೆ ಮಾಡುವ ದಾರಿ ಹುಡುಕಬೇಕು ಎಂದಳು. ಆ ರಾತ್ರಿಯ ಊಟಕ್ಕೆ ಭೀಮರಾಜ್ ಎರಡು ಸಲ ಕರೆಯಬೇಕಾಯಿತು.

ಬಲಗಡೆಯ ರಾಶಿ ಮಾರ್ಚಿನಲ್ಲಿ ಇಳಿಯಿತು. ಯುಗಾದಿ ಕಳೆದ ಮೇಲೆ ಅದೇ ಜಾಗಕ್ಕೆ ಹೊಸ ಕಾಯಿ ಏರಿದವು. ಅವತ್ತು ಸುಡುಬಿಸಿಲು, ಗಾಳಿಯಲ್ಲಿ ತೇವದ ಸುಳಿವೂ ಇರಲಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ಅಂಗಡಿಯ ಫೋನು ಬಡಿದುಕೊಂಡಿತು.

"ಇಳೀತು ಕಣಮ್ಮ," ಎಂದರು ಶಾಂತಾದೇವಿ. ಅವರ ಧ್ವನಿ ಹುಡುಗಿಯರದಂತಿತ್ತು. "ಬೆಳಗ್ಗೆ ಅರವತ್ತೆಂಟು ಇತ್ತು. ಈಗ ಮೂವತ್ತಾರು."

ಭಾಗ್ಯ ಬರೆದುಕೊಂಡಳು. ಎಷ್ಟು ಕಾಯಿ ಏರಿಸಿದ್ದು ಎಂದು ಕೇಳಿದಳು. ಈ ಸಲ ಎಣಿಸಿಲ್ಲ, ಗಾಡಿ ಲೆಕ್ಕದಲ್ಲಿ ಏರಿಸಿಬಿಟ್ಟೆವು ಎಂದರು ಶಾಂತಾದೇವಿ. ಇನ್ನೂ ಒಂದು ಗಾಡಿ ಬೀದಿಯಲ್ಲೇ ನಿಂತಿದೆ, ಅದನ್ನು ನೂರು ನೂರಾಗಿ ಏರಿಸಿ ಒಂದೊಂದು ಸಲಕ್ಕೂ ಅಂಕಿ ನೋಡಿದರೆ ಹೇಗೆ ಎಂದು ಅವರೇ ಕೇಳಿದರು. ಭಾಗ್ಯ ಬೆಸುಗೆ ಕಡ್ಡಿ ಆರಿಸಿ, ಹತ್ತು ನಿಮಿಷದಲ್ಲಿ ಬರುತ್ತೇನೆ, ಅಲ್ಲಿಯವರೆಗೆ ಒಂದು ಕಾಯಿಯನ್ನೂ ಏರಿಸಬೇಡಿ ಎಂದಳು.